ಐಡಿ ಕಾರ್ಡ್ ಶೀಟಿನಲ್ಲಿ ಕಟ್ಟಿದ ಕ್ಯಾಸ್ಪಿರ್: ನನ್ನ ಅನುಭವ

ಕ್ಯಾಸ್ಪಿರ್ ಅಂದ್ರೆ ಮೈನ್ ಸಿಡಿದರೂ ತಡೆಯುವ ಸೇನಾ ಗಾಡಿ, ನಾನು ಕಟ್ಟಿದ್ದು ಅದರ ಮಾಡೆಲ್. ಪಿವಿಸಿ ಶೀಟಿನಲ್ಲಿ ಅದರ ಹಲ್ (ಗಾಡಿಯ ಒಡಲು) ನಿಲ್ಲಲ್ಲ, ಸುಮ್ನೆ ರೆಡಿ ರೆಸಿನ್ ಕಿಟ್ ತರಿಸು ಅಂದವರೇ ಜಾಸ್ತಿ. ನಿಂತಿದೆ ಸ್ವಾಮಿ! 1:35 ಸ್ಕೇಲು, ಉದ್ದ ಸುಮಾರು 20 ಸೆಂ.ಮೀ., ನಾಲ್ಕೂ ಚಕ್ರ ಗಾಜಿನ ಮೇಲೆ ಸಮ ಕೂರುತ್ತವೆ.

ದಕ್ಷಿಣ ಆಫ್ರಿಕಾದ ಈ ಗಾಡಿಗೆ ಬೇರೆ ಚಾಸಿಯೇ ಇಲ್ಲ. ವಿ ಆಕಾರದ ಹಲ್ ತಾನೇ ಚಾಸಿ, ಸ್ಫೋಟವನ್ನು ಪಕ್ಕಕ್ಕೆ ಸರಿಸುವುದೂ ಅದೇ ವಿ. ಚಕ್ರದ ಕೆಳಗೆ ಟ್ಯಾಂಕ್ ಒಡೆಯೋಕೆ ನೆಲದಲ್ಲಿ ಹೂಳುವ ಮೂರು ಟಿಎಂ-57 ಮೈನ್, ಅಂದ್ರೆ 21 ಕಿಲೋ ಟಿಎನ್‌ಟಿ ಸಿಡಿದರೂ ಆಕ್ಸಲ್ ಹೋಗುತ್ತೆ, ಒಳಗಿನ ಜನ ಉಳಿಯುತ್ತಾರೆ. ನಮ್ಮ ಸೇನೆಯೂ ಇವನ್ನು ತರಿಸಿದ್ದು ಅದಕ್ಕೇ. ಮಾಡೆಲ್ ಮಾಡುವವನಿಗೆ ಮಾತ್ರ ಇದೇ ತಲೆನೋವು. ವಿ ಕೂದಲೆಳೆಯಷ್ಟು ತಿರುಚಿದರೂ ಒಂದು ಚಕ್ರ ಗಾಳಿಯಲ್ಲಿ.

ಮಾಡೆಲ್ ಕಟ್ಟುವ ಇಂಪೋರ್ಟೆಡ್ ಸ್ಟೈರೀನ್ ಪ್ಲಾಸ್ಟಿಕ್ ಶೀಟಿನ ಸಣ್ಣ ಪ್ಯಾಕೆಟ್ಟಿಗೇ 400-500 ರೂಪಾಯಿ. ಅದೇ ದುಡ್ಡಿಗೆ ಐಡಿ ಕಾರ್ಡ್ ಮಾಡುವ ಎ4 ಡ್ರ್ಯಾಗನ್ ಶೀಟ್ ಅನ್ನೋ ಪಿವಿಸಿ ಹಾಳೆಯ ಕಟ್ಟೇ ಸಿಗುತ್ತೆ. ನಡುವಿನ ಪದರ ಮಾತ್ರ ಬಳಸಿದೆ. ಮೊದಲು ಪಿವಿಸಿ ಪೈಪ್ ಅಂಟಿಸುವ ಸಾಲ್ವೆಂಟ್ ಹಚ್ಚಿದೆ. ಬೆಳಗ್ಗೆ ನೋಡಿದ್ರೆ ತಳವೆಲ್ಲ ಕರಿದ ಹಪ್ಪಳ. ಸೂಪರ್ ಗ್ಲೂ ಹಿಡಿಯಿತು, ಉಜ್ಜುವಾಗ ಬೆನ್ನಿನ ಜಾಯಿಂಟ್ ಬಿರಿಯಿತು. ತ್ರೀಡಿ ಪ್ರಿಂಟಿಗೆ ಎರಡೂವರೆ ಸಾವಿರ ಸುರಿದೆ. ಇಳಿಜಾರಿನ ಮೇಲೆ ಬರೀ ಮೆಟ್ಟಿಲು ಗೆರೆ. ಪುಟ್ಟಿ ಮೆತ್ತಿ ಉಜ್ಜಿದರೆ ಬೋಲ್ಟುಗಳೂ ಮಾಯ.

ಕೊನೆಗೆ ಗೆದ್ದದ್ದು ಹೀಗೆ: ಎರಡೆರಡು ಸೆಂಟಿಮೀಟರಿಗೆ ಒಂದು ಅಕ್ರಿಲಿಕ್ ಅಡ್ಡಗೋಡೆ, ಎಲ್ಲಕ್ಕೂ ಒಂದೇ ಅಳತೆಯ ವಿ. ಅದರ ಮೇಲೆ ಶೀಟನ್ನು ಗ್ಲೂ ಚುಕ್ಕೆಯಲ್ಲಿ ನಿಲ್ಲಿಸಿ, ಒಳಗಿನಿಂದ ಇನ್ಸುಲಿನ್ ಸಿರಿಂಜಲ್ಲಿ ತೆಳು ಮಾಡಿದ ಸಾಲ್ವೆಂಟ್ ಹನಿ ಹನಿಯಾಗಿ ಬಿಟ್ಟೆ. ಯಾವುದರಲ್ಲಿ ತೆಳು ಮಾಡಿದೆ, ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಅಷ್ಟು ಕಳೆದುಕೊಂಡಿದ್ದೇನಲ್ವಾ?

ದೀಪಾವಳಿಗೆ ಒಂದು ತರಲೆಯೂ ಮಾಡಿದೆ. ಕೆಟ್ಟ ಹಲ್ ಒಂದನ್ನು, ಅಷ್ಟೇ ತೂಕದ ಚಪ್ಪಟೆ ತಳದ ಡಬ್ಬಿಯನ್ನು ಮರಳ ಮೇಲಿಟ್ಟು ಕೆಳಗೆ ಒಂದೊಂದು ಪಟಾಕಿ ಹಚ್ಚಿದೆ. ಡಬ್ಬಿ ಎದೆಮಟ್ಟಕ್ಕೆ ಹಾರಿತು. ವಿ ಹಲ್ ಒಂದು ಗೇಣು ಎದ್ದು ಪಕ್ಕಕ್ಕೆ ಮಗುಚಿತು. ಇದೇನು ಪುರಾವೆಯಲ್ಲ, ಆದ್ರೆ ಮಜಾ ಬಂತು.

ಟೈರಿಗೆ ಸಿಲಿಕೋನ್ ಅಚ್ಚು, ರೆಸಿನ್ ಎರಕ. ಹಲ್‌ಗಿಂತ ಇದಕ್ಕೇ ಜಾಸ್ತಿ ದುಡ್ಡು ಹೋಯಿತು. ಗುಳ್ಳೆ ಬಾರದ ಎರಕಕ್ಕೂ ಒಂದು ಉಪಾಯವಿದೆ, ಎದುರು ಸಿಕ್ಕಾಗ ಹೇಳುತ್ತೇನೆ. ಕೆಟ್ಟಿದ್ದೆಲ್ಲ ಸೇರಿ ಏಳು ಸಾವಿರ ಆಗಿರಬೇಕು. ಮುಂದಿನದಕ್ಕೆ ಎರಡು ಸಾವಿರ ಸಾಕು. ಹಿಂದೆ ಕೂರುವ ಹನ್ನೆರಡು ಜನರ ಸೀಟು ಮಾತ್ರ ಮಾಡಿಲ್ಲ. ಬಾಗಿಲು ಮುಚ್ಚಿಯೇ ಅಂಟಿಸಿದ್ದೇನೆ, ಯಾರೂ ಕೇಳಬೇಡಿ.