ಗಾಣದ ಕಟ್ಟೆಯ ಮೇಲೆ ಪೆಲೆಟ್ ಪರೀಕ್ಷೆ

ನಾನು 10 ಮೀಟರ್ ಏರ್ ರೈಫಲ್ ಶೂಟರ್. ಊರು ಮಂಡ್ಯದ ಪಕ್ಕದ ಹಳ್ಳಿ, ಕೆಲಸ ಮೈಸೂರಿನಲ್ಲಿ. ಒಂದು ಕಾಲಕ್ಕೆ ನನ್ನ ಸ್ಕೋರು ಒಂದೇ ಕಡೆ ನಿಂತುಬಿಟ್ಟಿತ್ತು. ಟ್ರಿಗರ್ ಚೆನ್ನಾಗಿ ಬಿತ್ತು, ಕಣ್ಣು ನೇರ ಇತ್ತು ಅನ್ನಿಸಿದ ಗುಂಡು ಪರದೆಯ ಮೇಲೆ 9.8 ತೋರಿಸುತ್ತಿತ್ತು (ಒಂದು ಗುಂಡಿಗೆ ಹೆಚ್ಚೆಂದರೆ 10.9). "ನಿನ್ನ ಕೈಯೇ ಅಲ್ಲಾಡ್ತಾ ಇರೋದು, ಪೆಲೆಟ್ ಮೇಲೆ ಹಾಕ್ಬೇಡ" ಅಂತ ಕೋಚ್ ಹೇಳಿದರು. ಬಹುಪಾಲು ಅವರು ಹೇಳಿದ್ದೇ ಸರಿ. ಆದರೂ ತಪ್ಪಿನಲ್ಲಿ ನನ್ನ ಪಾಲೆಷ್ಟು, ಪೆಲೆಟ್‌ನ, ಅಂದರೆ ಈ ರೈಫಲ್ ಹಾರಿಸುವ ಸಣ್ಣ ಸೀಸದ ಗುಂಡಿನ, ಪಾಲೆಷ್ಟು ಅಂತ ಬೇರೆ ಮಾಡಿ ನೋಡಲೇಬೇಕು ಅನ್ನಿಸಿತು.

ಮದ್ದಿನ ತೋಟಾ ಹಾಕುವ ರೈಫಲ್ ಇರುವ ಹೊರದೇಶದ ಶೂಟರ್‌ಗಳು ಮದ್ದು ತೂಗಿ, ಗುಂಡು ಕೂರಿಸಿ, ತಮ್ಮ ಬಂದೂಕಿಗೆ ಒಪ್ಪುವ ತೋಟಾ ತಾವೇ ಮಾಡಿಕೊಳ್ಳುತ್ತಾರೆ. ನಮ್ಮ ಏರ್ ರೈಫಲ್‌ನಲ್ಲಿ ಮದ್ದಿಲ್ಲ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯೇ ಗುಂಡನ್ನು ತಳ್ಳುವುದು. ನಮ್ಮ ಕೈಯಲ್ಲಿರುವುದು ಎರಡೇ: ಪೆಲೆಟ್ ಯಾವುದು, ಅದು ಎಷ್ಟು ವೇಗದಲ್ಲಿ ಹೋಗಬೇಕು.

ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಗುರಿಯ ಮಧ್ಯದ ಹತ್ತರ ಚುಕ್ಕೆ ಬರೀ 0.5 ಮಿಲಿಮೀಟರ್. ಪೆಲೆಟ್ 4.5 ಮಿಲಿಮೀಟರ್. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಸ್ಕೋರು ಬಂದಿದೆ. ಗುಂಡು ಕಾಲು ಮಿಲಿಮೀಟರ್ ಪಕ್ಕಕ್ಕೆ ಹೋದರೆ 0.1 ಹೋಯಿತು. ಒಂದು ಮ್ಯಾಚ್‌ಗೆ 60 ಗುಂಡು. ಪೆಲೆಟ್ ತಾನಾಗಿಯೇ ಅರ್ಧ ಮಿಲಿಮೀಟರ್ ಆಚೀಚೆ ಹೋಗುತ್ತಿದ್ದರೆ ನಾನು ಎಷ್ಟು ಅಭ್ಯಾಸ ಮಾಡಿದರೂ ಅದು ವಾಪಸ್ ಬರುವುದಿಲ್ಲ, ಅಲ್ವಾ?

ಪರೀಕ್ಷೆಗೆ ರೈಫಲ್ ಅಲ್ಲಾಡದ ಜಾಗ ಬೇಕು. ರೇಂಜ್‌ನಲ್ಲಿ ಮರದ ಮೇಜಿಗೆ ವೈಸ್, ಅಂದರೆ ಬಿಗಿದು ಹಿಡಿಯುವ ಇಕ್ಕಳ, ಕಟ್ಟಿ ನೋಡಿದೆ. ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು, ಹರಡುತ್ತಿತ್ತು. ಆಗ ನೆನಪಾಗಿದ್ದು ಊರಿನ ನಮ್ಮ ಆಲೆಮನೆ. ಬೆಲ್ಲ ಮಾಡುವುದು ನಿಲ್ಲಿಸಿ ವರ್ಷಗಳಾಗಿವೆ. ಕೊಪ್ಪರಿಗೆ ಇಲ್ಲ, ಒಲೆ ಮುಚ್ಚಿದೆ. ಆದರೆ ಗಾಣ ಕೂರಿಸಿದ್ದ ಕಲ್ಲಿನ ಕಟ್ಟೆ ಹಾಗೇ ಇದೆ, ನಾಲ್ಕು ಬೋಲ್ಟುಗಳು ಇನ್ನೂ ಮೇಲೆದ್ದು ನಿಂತಿವೆ. ಕಬ್ಬು ಅರೆಯುವಾಗಲೂ ಅಲುಗಾಡದ ಕಟ್ಟೆ ಅದು. ಅಲ್ಲಿಂದ ಎದುರು ಗೋಡೆಗೆ ಟೇಪು ಹಿಡಿದೆ, 10 ಮೀಟರ್ ದಾಟಿ ಇನ್ನೂ ಜಾಗ ಉಳಿಯಿತು.

ಮಂಡ್ಯದಲ್ಲಿ ಪರಿಚಯದ ವೆಲ್ಡಿಂಗ್ ಅಂಗಡಿಯವರು ಆ ಬೋಲ್ಟುಗಳಿಗೆ ಸರಿಯಾಗಿ ಒಂದು ದಪ್ಪ ಪ್ಲೇಟು ಮಾಡಿ ವೈಸ್ ಕೂರಿಸಿಕೊಟ್ಟರು. ದವಡೆಗೆ ರಬ್ಬರ್ ಹಾಕಿದೆವು. ಹಿಡಿಯುವುದು ರೈಫಲ್‌ನ ಮೈಯನ್ನು ಮಾತ್ರ. ಬ್ಯಾರೆಲ್ ಹಿಡಿದರೆ ಗುಂಡಿನ ದಾರಿಯೇ ಬದಲಾಗುತ್ತದೆ. ಗಾಳಿಯ ಸಿಲಿಂಡರನ್ನಂತೂ ವೈಸಿನಲ್ಲಿ ಹಿಡಿಯಲೇಬಾರದು.

ಅಲ್ಲೇ ಒಂದು ಮಾತು ಬಂತು, ಅದನ್ನು ಬಿಡಿಸಿ ಹೇಳಲೇಬೇಕು. ಸಿಲಿಂಡರ್ ಖಾಲಿಯಾಗಿದ್ದನ್ನು ನೋಡಿ ಅವರು ಪ್ರೀತಿಯಿಂದಲೇ ಕೇಳಿದರು: "ಅದಕ್ಯಾಕೆ ಸಾರ್ ಮೈಸೂರಿಗೆ ಹೋಗ್ತೀರಾ, ಇಲ್ಲೇ ಆಕ್ಸಿಜನ್ ಇದೆ, ಒಂದು ಕನೆಕ್ಟರ್ ಮಾಡಿ ತುಂಬ್ಕೊಡ್ತೀನಿ." ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಒಳಗಿನ ರಬ್ಬರ್ ರಿಂಗಿಗೆ ಗ್ರೀಸ್ ಇರುತ್ತದೆ. ಆಕ್ಸಿಜನ್ ಒತ್ತಡದಲ್ಲಿ ಎಣ್ಣೆ, ಗ್ರೀಸಿಗೆ ತಾಗಿದರೆ ಬೆಂಕಿಕಡ್ಡಿಯೇ ಬೇಡ, ಸಿಡಿಯುತ್ತದೆ. ಸಿಡಿಯುವಾಗ ಅದು ಇರುವುದು ನಮ್ಮ ಕೆನ್ನೆಯ ಹತ್ತಿರ. ಈ ಸಿಲಿಂಡರಿಗೆ ಹೋಗಬೇಕಾದ್ದು ಒಣಗಿಸಿದ ಶುದ್ಧ ಗಾಳಿ ಮಾತ್ರ, ಅದೂ ಸಿಲಿಂಡರ್ ಮೇಲೆ ಬರೆದಷ್ಟೇ ಒತ್ತಡಕ್ಕೆ. ನನ್ನದು 200 ಬಾರ್. ತಯಾರಾದ ತಿಂಗಳು ವರ್ಷವೂ ಅಲ್ಲೇ ಇರುತ್ತದೆ. 10 ವರ್ಷ ದಾಟಿದ್ದನ್ನು ನಾನು ತುಂಬಿಸುವುದಿಲ್ಲ. ಅವರಿಗೆ ಇದನ್ನೆಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾಯ್ತು ಬಿಡಿ ಸಾರ್, ಇನ್ಯಾರಾದ್ರೂ ಕೇಳಿದ್ರೆ ನಾನೂ ಹೇಳ್ತೀನಿ" ಅಂದರು.

ಆಲೆಮನೆಯಲ್ಲಿ ನನ್ನ ಪದ್ಧತಿ ಹೀಗೆ. ಬಾಗಿಲಿಗೆ ಒಳಗಿನಿಂದ ಚಿಲಕ. ಗುರಿಯ ಹಿಂದೆ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ತಗಡಿನ ಪೆಟ್ಟಿಗೆ, ಅದರ ಹಿಂದೆ ಮರಳಿನ ಮೂಟೆ. ಕಣ್ಣಿಗೆ ಕನ್ನಡಕ. ಕಾಗದ ಬದಲಾಯಿಸಲು ಮುಂದೆ ಹೋಗುವ ಮೊದಲು ರೈಫಲ್‌ನ ಗುಂಡು ಹಾಕುವ ಜಾಗ ತೆರೆದು, ಒಳಗೆ ಗುಂಡಿಲ್ಲ ಅಂತ ತೋರಿಸಲು ಬ್ಯಾರೆಲ್ ಒಳಗೆ ಬಣ್ಣದ ದಾರ ತೂರಿಸಿರಬೇಕು. ಒಬ್ಬನೇ ಇದ್ದರೂ ಹೀಗೇ. ಪೆಲೆಟ್ ಸೀಸದ್ದು, ಹಾಗಾಗಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ನೀರೂ ಕುಡಿಯುವುದಿಲ್ಲ. ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸುತ್ತೇನೆ, ಪೊರಕೆಯಲ್ಲಿ ಗುಡಿಸಿದರೆ ಸೀಸದ ಧೂಳು ಏಳುತ್ತದೆ. ಅಣ್ಣನ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ.

ಮೂರು ಲಾಟ್ (ಒಂದೇ ಸಲಕ್ಕೆ ತಯಾರಾದ ಪೆಲೆಟ್‌ಗಳ ಕಂತು) ತಂದಿದ್ದೆ. ಮೂರೂ 0.53 ಗ್ರಾಂ ತೂಕದವು. ಎರಡು ಒಂದೇ ಕಂಪನಿಯವು, ತಲೆಯ, ಅಂದರೆ ಪೆಲೆಟ್‌ನ ಮುಂಭಾಗದ, ಅಳತೆ ಮಾತ್ರ ಬೇರೆ: 4.49 ಮತ್ತು 4.50 ಮಿಲಿಮೀಟರ್. ಮೂರನೆಯದು ಎಲ್ಲಕ್ಕಿಂತ ದುಬಾರಿ. ದುಬಾರಿಯದರಿಂದಲೇ ಶುರು ಮಾಡಿದೆ. ಮೊದಲ 5 ಗುಂಡು ಒಂದೇ ತೂತು! ಅಲ್ಲಿಗೇ ನಿಲ್ಲಿಸಿ ಹತ್ತು ಡಬ್ಬಿ ಆರ್ಡರ್ ಮಾಡುವವನಿದ್ದೆ. ಅದೇ ಕಾಗದದ ಮೇಲೆ ಇನ್ನೂ 5 ಹೊಡೆದೆ. ತೂತು ಬಲಕ್ಕೆ ಬಾಯಿ ತೆರೆಯಿತು. ಅವತ್ತಿನಿಂದ 5 ಗುಂಡಿನ ಗ್ರೂಪ್ ನಂಬುವುದು ಬಿಟ್ಟೆ. ಪ್ರತಿ ಲಾಟ್‌ಗೂ ಹತ್ತತ್ತು ಗುಂಡಿನ ಐದು ಗ್ರೂಪ್. ಲಾಟ್ ಬದಲಾಯಿಸಿದಾಗ ಮೊದಲ 20 ಗುಂಡು ಲೆಕ್ಕಕ್ಕಿಲ್ಲ, ಬ್ಯಾರೆಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಲಿ ಅಂತ. ಹೊರಗಿನ ಅಂಚಿನಿಂದ ಅಂಚಿಗೆ ಕ್ಯಾಲಿಪರ್ ಹಿಡಿದು, ಅದರಲ್ಲಿ 4.5 ಕಳೆದರೆ ನಿಜವಾದ ಹರವು ಸಿಗುತ್ತದೆ. ದುಬಾರಿಯದು ಸರಾಸರಿ 2.3 ಮಿಲಿಮೀಟರ್, 4.49 ತಲೆಯದು 2.9. 4.50 ತಲೆಯದು 1.4! ಅದು ಮೂರರಲ್ಲಿ ಅಗ್ಗದ ಡಬ್ಬಿ. ಇನ್ನೊಬ್ಬರ ಬ್ಯಾರೆಲ್‌ಗೆ ಇದೇ ಒಪ್ಪುತ್ತದೆ ಅಂತ ನಾನು ಹೇಳಲಾರೆ. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳು ಬೇರೆ ಬೇರೆ ಲಾಟ್ ಕೇಳುತ್ತವೆ.

ಆಮೇಲೆ ವೇಗ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟ ಮೊದಲ ದಿನ ಅಂಕಿಗಳು ಹುಚ್ಚುಹುಚ್ಚಾಗಿ ಬಂದವು. ಕಾರಣ ಮೇಲಿದ್ದ ಹಳೇ ಟ್ಯೂಬ್‌ಲೈಟ್. ಅದು ಮಿಣುಕುವುದು ನಮ್ಮ ಕಣ್ಣಿಗೆ ಕಾಣದಿದ್ದರೂ ಸೆನ್ಸರಿಗೆ ಕಾಣುತ್ತದೆ. ಹಳೇ ತಂತಿ ಬಲ್ಬು ಹಾಕಿದೆ, ಸರಿಹೋಯಿತು. ಆದರೂ ವೇಗ ಸೆಕೆಂಡಿಗೆ 167ರಿಂದ 175 ಮೀಟರ್‌ವರೆಗೆ ಓಡಾಡುತ್ತಿತ್ತು. ರೈಫಲ್ ಹತ್ತು ನಿಮಿಷ ಸುಮ್ನೆ ಇಟ್ಟರೆ ಮುಂದಿನ ಗುಂಡು ಜಾಸ್ತಿ ವೇಗ. ಅಂದರೆ ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್ ಒಳಗೆ ಗಾಳಿ ಮೆಲ್ಲಗೆ ಜಿನುಗುತ್ತಿದೆ. 10 ಮೀಟರ್ ಹೋಗುವಷ್ಟರಲ್ಲಿ ಪೆಲೆಟ್ ಸುಮಾರು 18 ಮಿಲಿಮೀಟರ್ ಕೆಳಗಿಳಿಯುತ್ತದೆ. ವೇಗ 1 ಮೀಟರ್ ಬದಲಾದರೆ ಇಳಿತ ಸುಮಾರು 0.2 ಮಿಲಿಮೀಟರ್ ಬದಲಾಗುತ್ತದೆ. 8 ಮೀಟರ್ ವ್ಯತ್ಯಾಸಕ್ಕೆ ಒಂದೂವರೆ ಮಿಲಿಮೀಟರ್ ದಾಟುತ್ತದೆ. ನನ್ನ 9.8ಗಳಲ್ಲಿ ಒಂದಷ್ಟರ ಮೂಲ ಇದೇ. ರೆಗ್ಯುಲೇಟರನ್ನು ನಾನು ಬಿಚ್ಚಲಿಲ್ಲ. ಒತ್ತಡದ ಭಾಗಕ್ಕೆ ಗೊತ್ತಿರುವವರೇ ಕೈ ಹಾಕಬೇಕು. ಸೀಲುಗಳು ಬದಲಾಗಿ ಬಂದ ಮೇಲೆ 171ರಿಂದ 173ರೊಳಗೆ ನಿಂತಿತು.

ವೇಗ ಹೆಚ್ಚಿಸಿದರೆ ಒಳ್ಳೆಯದಲ್ಲವೇ ಅಂತ ಎಷ್ಟೋ ಜನ ಕೇಳುತ್ತಾರೆ. ತಿರುಪು ತಿರುಗಿಸಿ 180ಕ್ಕೆ ತಂದು ನಾನೂ ನೋಡಿದ್ದೇನೆ. ಒದೆತ ಜಾಸ್ತಿಯಾಯಿತು, ಗ್ರೂಪ್ ಹರಡಿತು. 172ಕ್ಕೇ ವಾಪಸ್ ತಂದೆ. ಅಲ್ಲಿ ಶಕ್ತಿ 8 ಜೌಲ್‌ಗಿಂತ ಸ್ವಲ್ಪ ಕಡಿಮೆ, ಗುರಿ ಹೊಡೆಯಲು ಧಾರಾಳ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 20 ಜೌಲ್ ದಾಟಿದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕು ಅಂತಿದೆ. ಆ ಕಡೆ ಹೋಗುವ ಅಗತ್ಯ ಗುರಿಕಾರನಿಗೆ ಇಲ್ಲವೇ ಇಲ್ಲ.

ಕೊನೆಗೆ ತೂಕ. ಮೈಸೂರಿನ ಅಶೋಕ ರಸ್ತೆಯ ಹತ್ತಿರ ನಮ್ಮ ಚಿಕ್ಕಪ್ಪ ಒಡವೆ ಕೆಲಸ ಮಾಡುತ್ತಾರೆ. ಅವರ ತಕ್ಕಡಿ ಒಂದು ಮಿಲಿಗ್ರಾಂವರೆಗೂ ತೋರಿಸುತ್ತದೆ. ಎರಡು ಭಾನುವಾರ ಕೂತು ಒಂದು ಡಬ್ಬಿ ಪೂರ್ತಿ ತೂಗಿದೆವು. ಚಿಮುಟದಲ್ಲಿ ಹಿಡಿಯುವಾಗ ಪಾವಡೆಯ ಅಂಚು, ಅಂದರೆ ಪೆಲೆಟ್‌ನ ತೆಳು ಹಿಂಭಾಗ, ಬಾಗಿಬಿಡುತ್ತದೆ. ಚಿಕ್ಕಪ್ಪ ಮುತ್ತು ಎತ್ತುವ ಹಾಗೆ ಒದ್ದೆ ಬೆರಳ ತುದಿಯಲ್ಲಿ ಎತ್ತುವುದು ತೋರಿಸಿಕೊಟ್ಟರು. ಬಹುತೇಕ ಎಲ್ಲವೂ 0.528ರಿಂದ 0.534 ಗ್ರಾಂ ಒಳಗೆ. ವಿಂಗಡಿಸಿದವಕ್ಕೂ ಹಾಗೇ ಡಬ್ಬಿಯಿಂದ ತೆಗೆದವಕ್ಕೂ ಗ್ರೂಪ್‌ನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಓರೆಯಾಗಿಟ್ಟ ಗಾಜಿನ ಮೇಲೆ ಉರುಳಿಸಿದ್ದೇ ಹೆಚ್ಚು ಉಪಯೋಗಕ್ಕೆ ಬಂತು. ತಲೆಗೂ ಪಾವಡೆಗೂ ಅಳತೆ ಬೇರೆಯಾದ್ದರಿಂದ ಪೆಲೆಟ್ ಬಿಲ್ಲಿನ ಹಾಗೆ ಬಾಗಿ ಉರುಳುತ್ತದೆ. ಸರಿ ಇರುವವೆಲ್ಲ ಒಂದೇ ಕಡೆ ಹೋಗಿ ಬೀಳುತ್ತವೆ. ನಜ್ಜಿದ್ದು ಬೇರೆ ದಾರಿ ಹಿಡಿಯುತ್ತದೆ, ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ. ಮಂಡ್ಯದಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಡಬ್ಬಿಯಲ್ಲಿ ಇಂಥವು ಜಾಸ್ತಿ. ಈಗ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇಟ್ಟೇ ತರುತ್ತೇನೆ.

4.50 ತಲೆಯ ಆ ಲಾಟ್‌ನಲ್ಲಿ ಸಿಕ್ಕಷ್ಟು ಡಬ್ಬಿ ಕೊಂಡಿದ್ದೆ. ಈಗ ಮೂರು ಉಳಿದಿವೆ. ಅದೇ ಹೆಸರಿನ, ಅದೇ ಅಳತೆಯ ಹೊಸ ಡಬ್ಬಿ ಬಂದಿದೆ, ಚೀಟಿಯ ಮೇಲಿನ ಲಾಟ್ ನಂಬರ್ ಮಾತ್ರ ಬೇರೆ. ಈ ಭಾನುವಾರ ಬೆಳಗ್ಗೆ, ಚಾವಣಿಯ ತಗಡು ಬಿಸಿಲಿಗೆ ಕಾಯುವ ಮೊದಲು, ಅದನ್ನು ಗಾಣದ ಕಟ್ಟೆಗೆ ಒಯ್ಯುತ್ತಿದ್ದೇನೆ.