ಮನೆತನದ ಫೌಂಡೇಶನ್ ಮುಚ್ಚಿ ಫಂಡ್ ಮಾಡುವುದು ಹೇಗೆ?

ಅಮೆರಿಕದಲ್ಲಿ ದಾನಕ್ಕೆಂದೇ ಪ್ರೈವೇಟ್ ಫೌಂಡೇಶನ್ ಮಾಡಿಕೊಂಡ ಮನೆತನಗಳಿಗೆ ಬರಬರುತ್ತಾ ಅದರ ಕಾಗದಪತ್ರವೇ ಜಾಸ್ತಿಯಾಗುತ್ತದೆ. ಪ್ರತಿ ವರ್ಷ ತೆರಿಗೆ ಇಲಾಖೆಗೆ 990-ಪಿಎಫ್ ಎಂಬ ರಿಟರ್ನ್ ತುಂಬಬೇಕು. ಹೂಡಿಕೆಯ ನಿವ್ವಳ ಆದಾಯದ ಮೇಲೆ ಶೇ 1.39 ತೆರಿಗೆ ಕಟ್ಟಬೇಕು. ಇದು ಬೇಡವೆನಿಸಿದರೆ ಇಡೀ ಹಣವನ್ನು ಪಬ್ಲಿಕ್ ಚಾರಿಟಿಯೊಂದಕ್ಕೆ, ಅಂದರೆ ಹಲವರ ದೇಣಿಗೆಯಿಂದ ನಡೆಯುವ ದತ್ತಿ ಸಂಸ್ಥೆಗೆ ಕೊಟ್ಟು, ಅಲ್ಲಿ ಡೋನರ್ ಅಡ್ವೈಸ್ಡ್ ಫಂಡ್ (ದಾನಿಯ ಸಲಹೆ ಕೇಳಿ ಚಾರಿಟಿಯೇ ನಡೆಸುವ ದಾನದ ಖಾತೆ) ತೆರೆಯಬಹುದು. ಹಳೆಯ ಹೆಸರನ್ನೇ ಇಟ್ಟುಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ.

ಮೊದಲು ಚಾರಿಟಿ ಆರಿಸಿ. ಇಲ್ಲಿ ಅವಸರ ಬೇಡವೇ ಬೇಡ. ಫೌಂಡೇಶನ್ ಮುಚ್ಚಿದ್ದಕ್ಕೆ ತೆರಿಗೆ ಬೀಳಬಾರದು ಎಂದರೆ, ಆ ಸಂಸ್ಥೆ ಸತತ 60 ತಿಂಗಳಾದರೂ ಪಬ್ಲಿಕ್ ಚಾರಿಟಿಯಾಗಿ ನಡೆದಿರಬೇಕು. ಕೊಟ್ಟ ಮೇಲೆ ಹಣ ಅವರದ್ದು. ಇಂಥವರಿಗೆ ಕೊಡಿ ಎಂದು ನೀವು ಸಲಹೆ ಮಾಡಬಹುದು, ಅಷ್ಟೇ. ಕೊನೆಯ ಮಾತು ಅವರದ್ದೇ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಫೌಂಡೇಶನ್ ಹಾಗೇ ಇರಲಿ ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಫೌಂಡೇಶನ್ ಹಾವೇರಿ ಕಡೆಯ ಶಾಲೆಯೊಂದಕ್ಕೆ ಹಣ ಕಳಿಸುತ್ತಿದೆ ಎನ್ನಿ. ಫಂಡ್‌ನಿಂದಲೂ ಭಾರತಕ್ಕೆ ಹಣ ಹೋಗುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಎಲ್ಲ ಚಾರಿಟಿಗಳೂ ನೇರವಾಗಿ ಕಳಿಸುವುದಿಲ್ಲ. ಕೆಲವು ಗಿವ್‌ಟುಏಷ್ಯಾದಂಥ ಸಂಸ್ಥೆಯ ಮೂಲಕ ಕಳಿಸಿ ಎನ್ನುತ್ತವೆ. ಶಾಲೆ ನಡೆಸುವವರಿಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ, ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯಲ್ಲಿ ಖಾತೆಯೂ ಇರಬೇಕು. ಇನ್ನೊಂದು ವಿಷಯ: ಒಬ್ಬ ಹುಡುಗಿಯ ಕಾಲೇಜು ಫೀಸನ್ನು ಅವಳ ಕೈಗೇ ಕೊಡಲು ಈ ಫಂಡ್‌ನಲ್ಲಿ ಆಗುವುದಿಲ್ಲ. ಅಂಥ ನೆರವು ಕೊಡುತ್ತಿದ್ದರೆ ಮುಂಚೆಯೇ ಬೇರೆ ದಾರಿ ನೋಡಿಕೊಳ್ಳಿ.

ಚಾರಿಟಿ ಗೊತ್ತಾದ ಮೇಲೆ ಬೋರ್ಡ್ ಸಭೆ ಕರೆದು ನಿರ್ಣಯ ಮಾಡಿ. ಯಾರಿಗಾದರೂ ಬರಹದಲ್ಲಿ ಮಾತು ಕೊಟ್ಟ ದಾನ ಬಾಕಿಯಿದ್ದರೆ ಅದನ್ನು ಮೊದಲು ತೀರಿಸಿ. ನಿಮ್ಮ ನಂತರ ಸಲಹೆ ಕೊಡುವವರು ಮಗಳೋ ಮೊಮ್ಮಗನೋ ಎಂಬುದನ್ನು ಫಂಡ್ ಒಪ್ಪಂದದಲ್ಲೇ ಬರೆಸಿ.

ರಾಜ್ಯದ ನಿಯಮವನ್ನು ವಕೀಲರಿಂದ ಕೇಳಿ ತಿಳಿಯಿರಿ. ಕ್ಯಾಲಿಫೋರ್ನಿಯಾದಲ್ಲಾದರೆ ಆಸ್ತಿ ವರ್ಗಾಯಿಸುವ 20 ದಿನ ಮೊದಲೇ ಅಟಾರ್ನಿ ಜನರಲ್‌ಗೆ ತಿಳಿಸಬೇಕು. ಆಮೇಲೆ ವರ್ಗಾವಣೆ, ವಿಸರ್ಜನೆಯ ಅರ್ಜಿ, ಕೊನೆಯ 990-ಪಿಎಫ್. ಮುಚ್ಚಿದ ನಂತರದ ಐದನೇ ತಿಂಗಳ 15ನೇ ತಾರೀಖು ಅದಕ್ಕೆ ಗಡುವು. ಆಡಿಟರ್ ಫೀಸು, ಕೊನೆಯ ತೆರಿಗೆ ಎಲ್ಲ ಕಟ್ಟುವವರೆಗೆ ಬ್ಯಾಂಕ್ ಖಾತೆಯನ್ನು ಮಾತ್ರ ಮುಚ್ಚಬೇಡಿ.