ಮೈಗೆ ಬೆಳ್ಳಿ, ಬಂಗಾರದ ಬಣ್ಣ: ಫೋಟೊ ಶೂಟ್‌ಗೆ ಮುನ್ನ ಡಬ್ಬಿಯ ಹಿಂಬದಿ ಓದಿ

ನವರಾತ್ರಿ ಬಂದರೆ ಬಂಗಾರದ ಮೈಯ ಲಕ್ಷ್ಮಿ, ಅಕ್ಟೋಬರ್ 2 ಬಂದರೆ ಬೆಳ್ಳಿ ಬಣ್ಣದ ಗಾಂಧಿ ಪ್ರತಿಮೆ. ಇದರ ಜೊತೆಗೆ ಒಡವೆ ಜಾಹೀರಾತು, ಮಾಡೆಲಿಂಗ್ ಪೋರ್ಟ್‌ಫೋಲಿಯೊ, ಕಾಲೇಜು ಹುಡುಗರ ಫೋಟೊಗ್ರಫಿ ಪ್ರಾಜೆಕ್ಟು. ಲೋಹದಂತೆ ಹೊಳೆಯುವ ಮುಖಕ್ಕೆ ಕ್ಯಾಮೆರಾ ಮುಂದೆ ಬೇರೆಯದೇ ಗತ್ತು ಇರುತ್ತದೆ. ಅದಕ್ಕೇ ಎಲ್ಲರಿಗೂ ಒಮ್ಮೆ ಮಾಡಿ ನೋಡುವ ಆಸೆ.

ತೊಂದರೆ ಏನೆಂದರೆ, ಗೇಟಿಗೆ ಬಳಿಯುವ ಸಿಲ್ವರ್ ಪೇಂಟೂ ಹೀಗೇ ಹೊಳೆಯುತ್ತದೆ. ಕರಕುಶಲ ವಸ್ತುಗಳ ಅಂಗಡಿಯ ಅಕ್ರಿಲಿಕ್ ಬಣ್ಣವೂ ಹೊಳೆಯುತ್ತದೆ. ಫೋಟೊ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಣ್ಣ ಹಚ್ಚಿಸಿಕೊಂಡವರ ಚರ್ಮಕ್ಕೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಹಾಗಾಗಿ ಬಣ್ಣ ಆರಿಸುವ ಕೆಲಸವನ್ನು ಶೂಟ್‌ನ ಹಿಂದಿನ ರಾತ್ರಿಗೆ ಬಿಡಬೇಡಿ. ಕನಿಷ್ಠ ಒಂದು ವಾರ ಮೊದಲೇ ಶುರು ಮಾಡಿ.

ಮೊದಲು ಫ್ರೇಮ್ ನಿರ್ಧರಿಸಿ

ಅಂಗಡಿಗೆ ಹೋಗುವ ಮೊದಲು ಫೋಟೊಗ್ರಾಫರ್ ಜೊತೆ ಕೂತು ಮಾತಾಡಿ. ಚಿತ್ರದಲ್ಲಿ ಕಾಣುವುದು ಎಷ್ಟು? ಮುಖ, ಕುತ್ತಿಗೆ, ಭುಜ ಮಾತ್ರವೇ? ಹಾಗಿದ್ದರೆ ಬೆನ್ನಿಗೆ, ಕಾಲಿಗೆ ಯಾಕೆ ಬಳಿಯಬೇಕು? ಹಚ್ಚುವ ಜಾಗ ಕಡಿಮೆಯಾದಷ್ಟೂ ಖರ್ಚು ಕಡಿಮೆ, ತೊಳೆಯುವ ಕೆಲಸ ಕಡಿಮೆ, ಮೈಗೆ ತ್ರಾಸವೂ ಕಡಿಮೆ. ದುಡ್ಡು ಉಳಿಸಬೇಕು ಅಂದರೆ ಅಗ್ಗದ ಬಣ್ಣ ಹುಡುಕಬೇಡಿ, ಒಳ್ಳೆಯ ಬಣ್ಣವನ್ನು ಕಡಿಮೆ ಜಾಗಕ್ಕೆ ಹಚ್ಚಿ. ಗಾಂಧಿ ವೇಷಕ್ಕೆ ಪಂಚೆ, ಕೋಲು, ಕನ್ನಡಕಕ್ಕೆ ಬೇಕಾದರೆ ಸಾಮಾನ್ಯ ಸಿಲ್ವರ್ ಪೇಂಟ್ ಹೊಡೆದು ಎರಡು ದಿನ ಚೆನ್ನಾಗಿ ಒಣಗಿಸಿ. ಕನ್ನಡಕದಲ್ಲಿ ಚರ್ಮಕ್ಕೆ ತಾಗುವ ಭಾಗ ಬಿಟ್ಟುಬಿಡಿ. ಮೈಗೆ ಹಚ್ಚುವ ಬಣ್ಣ ಬೇರೆಯೇ ಇರಲಿ.

ಎಷ್ಟು ಹೊತ್ತಿನ ಶೂಟ್, ಒಳಗೋ ಹೊರಗೋ, ಬೆವರುತ್ತಾರೋ, ನೀರಿಗೆ ಇಳಿಯುತ್ತಾರೋ ಅನ್ನುವುದನ್ನೂ ಈಗಲೇ ಕೇಳಿಕೊಳ್ಳಿ. ಬಣ್ಣದ ಬಗೆ ಇದರ ಮೇಲೆ ನಿರ್ಧಾರವಾಗುತ್ತದೆ.

ಡಬ್ಬಿಯ ಹಿಂಬದಿ ಏನಿರಬೇಕು

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ.

ಡಬ್ಬಿಯ ಮುಂದೆ ‘ನಾನ್ ಟಾಕ್ಸಿಕ್’ ಎಂದು ಬರೆದಿದ್ದರೆ ಅದನ್ನು ಚರ್ಮಕ್ಕೆ ಹಚ್ಚಬಹುದು ಎಂದು ಅರ್ಥವಲ್ಲ. ಕಾಗದದ ಮೇಲೋ, ಮಡಕೆಯ ಮೇಲೋ ಹೇಳಿದ ಹಾಗೆ ಬಳಸಿದರೆ ವಿಷವಾಗುವುದಿಲ್ಲ ಎಂದಷ್ಟೇ ಅದರ ಭರವಸೆ. ಅಕ್ರಿಲಿಕ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ ಪದರವಾಗುತ್ತದೆ. ತೆಗೆಯುವಾಗ ಮೈಮೇಲಿನ ಸಣ್ಣ ಕೂದಲು, ಹುಬ್ಬು, ಕೆಲವೊಮ್ಮೆ ಚರ್ಮದ ಮೇಲ್ಪದರವೂ ಕಿತ್ತು ಬರುತ್ತದೆ. ಅದು ಕೆಡದಂತೆ ಬೆರೆಸುವ ಕೆಲವು ರಾಸಾಯನಿಕಗಳು ಅಲರ್ಜಿ ಎಬ್ಬಿಸುತ್ತವೆ. ಮಕ್ಕಳ ಮುಖಕ್ಕೆ ಇದನ್ನು ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ.

ನಮ್ಮಲ್ಲಿ ಸೌಂದರ್ಯವರ್ಧಕಗಳಿಗೆ 2020ರ ಕಾಸ್ಮೆಟಿಕ್ಸ್ ನಿಯಮಗಳು ಅನ್ವಯಿಸುತ್ತವೆ. ಅದರ ಪ್ರಕಾರ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಒಳಗಿರುವ ಪದಾರ್ಥಗಳ ಪಟ್ಟಿ ಇರಬೇಕು. ಹೊರದೇಶದಿಂದ ಬಂದದ್ದಾದರೆ ಆಮದು ನೋಂದಣಿ ಸಂಖ್ಯೆ, ಆಮದು ಮಾಡಿಕೊಂಡವರ ವಿಳಾಸ ಇರಬೇಕು. ಆನ್‌ಲೈನ್‌ನಲ್ಲಿ ‘ಬಾಡಿ ಪೇಂಟ್’ ಎಂದು ಮಾರುವ ಎಷ್ಟೋ ಡಬ್ಬಿಗಳ ಚಿತ್ರದಲ್ಲಿ ಹಿಂಬದಿಯೇ ಕಾಣುವುದಿಲ್ಲ. ಪದಾರ್ಥಗಳ ಪಟ್ಟಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ. ಬಿಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವ ಪುಡಿಯಂತೂ ಬೇಡವೇ ಬೇಡ.

ಪಟ್ಟಿಯಲ್ಲಿ ‘ಸಿಐ’ (CI, ಕಲರ್ ಇಂಡೆಕ್ಸ್) ಎಂಬ ಅಕ್ಷರಗಳ ಮುಂದೆ ಐದು ಅಂಕಿಯ ಸಂಖ್ಯೆಗಳಿರುತ್ತವೆ. ಅವು ಬಣ್ಣಗಳ ಗುರುತು. ಸಿಐ 77019 ಎಂದರೆ ಮೈಕಾ, ನಮ್ಮ ಅಭ್ರಕ. 77891 ಟೈಟಾನಿಯಂ ಡೈಆಕ್ಸೈಡ್. 77491, 77492, 77499 ಕಬ್ಬಿಣದ ಆಕ್ಸೈಡ್‌ಗಳು: ಕೆಂಪು, ಹಳದಿ, ಕಪ್ಪು. ಚರ್ಮಕ್ಕೆ ಹಚ್ಚುವ ಒಳ್ಳೆಯ ಬೆಳ್ಳಿ, ಬಂಗಾರದ ಬಣ್ಣಗಳಲ್ಲಿ ಬಹುಪಾಲು ಇವೇ ಇರುತ್ತವೆ. ಬೆಳ್ಳಿಯೂ ಇಲ್ಲ, ಬಂಗಾರವೂ ಇಲ್ಲ. ಅಭ್ರಕದ ತೆಳು ಚೂರುಗಳ ಮೇಲೆ ಈ ಆಕ್ಸೈಡ್‌ಗಳ ಪದರ ಕೂರಿಸಿರುತ್ತಾರೆ. ಬೆಳಕು ಆ ಪದರಗಳಿಂದ ಹಿಂತಿರುಗಿದಾಗ ಲೋಹದ ಹೊಳಪು ಕಾಣುತ್ತದೆ. ‘ಸಿಂಥೆಟಿಕ್ ಫ್ಲೋರ್‌ಫ್ಲಾಗೊಪೈಟ್’ ಎಂದಿದ್ದರೆ ಅದು ಕಾರ್ಖಾನೆಯಲ್ಲಿ ಮಾಡಿದ ಅಭ್ರಕ. ಅದೂ ಸರಿಯೇ.

ಸಿಐ 77000 ಅಲ್ಯೂಮಿನಿಯಂ ಪುಡಿ, 77400 ತಾಮ್ರ ಅಥವಾ ಕಂಚಿನ ಪುಡಿ. ಇವು ನಿಷಿದ್ಧವೇನಲ್ಲ. ಶುದ್ಧತೆಯ ಮಟ್ಟಕ್ಕೆ ಒಪ್ಪುವಂತಿದ್ದರೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಹೊರಮೈಗೆ ಹಚ್ಚುವ ಸೌಂದರ್ಯವರ್ಧಕಗಳಲ್ಲಿ ಇವಕ್ಕೆ ಅನುಮತಿ ಕೊಟ್ಟಿದೆ. ಆದರೆ ಪೇಂಟ್ ಅಂಗಡಿಯ ಕಂಚಿನ ಪುಡಿಗೆ ಆ ಶುದ್ಧತೆಯ ಖಾತರಿ ಯಾರೂ ಕೊಡುವುದಿಲ್ಲ. ತಾಮ್ರದ ಅಂಶ ಬೆವರಿಗೆ ಸಿಕ್ಕಿ ಹಸಿರು ಬಣ್ಣಕ್ಕೂ ತಿರುಗುತ್ತದೆ. ಅಗ್ಗದ ಓಲೆ, ಸರ ಹಾಕಿದರೆ ತುರಿಕೆ ಬರುವವರು ಲೋಹದ ಪುಡಿಯಿಂದ ದೂರ ಇರುವುದೇ ಒಳ್ಳೆಯದು. ಅಭ್ರಕದ ಬಣ್ಣ ಆರಿಸಿಕೊಳ್ಳಲಿ.

‘ನೈಸರ್ಗಿಕ’ ಎಂಬ ಮಾತಿಗೂ ಮರುಳಾಗಬೇಡಿ. ಹಳೆಯ ಕಾಲದಿಂದ ವೇಷಕ್ಕೆ ಬಳಸುತ್ತಿದ್ದ ಇಂಗಳೀಕ ಎಂಬ ಕೆಂಪು ಬಣ್ಣ ಪಾದರಸದ ಸಂಯುಕ್ತ. ಅರದಾಳ ಎಂಬ ಹಳದಿ ಬಣ್ಣದಲ್ಲಿ ಆರ್ಸೆನಿಕ್ ಇದೆ. ಎರಡೂ ನೆಲದಿಂದ ಅಗೆದ ಖನಿಜಗಳೇ.

ಯಾವ ಬಗೆ, ಯಾವ ಕೆಲಸಕ್ಕೆ

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ನೀರಿನ ಬಣ್ಣ. ಬಿಲ್ಲೆಯಂತೆ ಗಟ್ಟಿಯಾಗಿರುತ್ತದೆ. ಒದ್ದೆ ಸ್ಪಂಜಿನಿಂದ ಉಜ್ಜಿ ಹಚ್ಚಬೇಕು. ಬೇಗ ಒಣಗುತ್ತದೆ, ಸೋಪು ನೀರಿಗೆ ಹೋಗುತ್ತದೆ. ಸ್ನಾಜರೂ, ಮೆಹ್ರಾನ್, ಕ್ರಯೋಲಾನ್‌ನಂಥ ಕಂಪನಿಗಳಲ್ಲಿ ಸಿಗುತ್ತದೆ. ಬೆವರಿದರೆ ಹರಿಯುತ್ತದೆ ಎಂಬುದೊಂದೇ ಕೊರತೆ. ಫ್ಯಾನ್ ಇರುವ ಕೋಣೆಯಲ್ಲಿ ಒಂದೆರಡು ಗಂಟೆಯ ಶೂಟ್‌ಗೆ ಇದು ಧಾರಾಳ ಸಾಕು.

ನಿಜಕ್ಕೂ ಎರಕ ಹೊಯ್ದಂತೆ ಕಾಣಬೇಕು ಅಂದರೆ ಪುಡಿ ಮತ್ತು ಅದಕ್ಕೆಂದೇ ಬರುವ ಮಿಕ್ಸಿಂಗ್ ಲಿಕ್ವಿಡ್ ಬೇಕು. ಸ್ವಲ್ಪ ಸ್ವಲ್ಪವೇ ಕಲಸಿ ಬ್ರಷ್‌ನಿಂದ ಹಚ್ಚುತ್ತಾರೆ. ಒಣಗಿದ ಮೇಲೆ ಬಟ್ಟೆಗೆ ಅಷ್ಟಾಗಿ ಅಂಟುವುದಿಲ್ಲ. ಆಲ್ಕೊಹಾಲ್‌ನಲ್ಲಿ ಕರಗಿಸುವ ಬಣ್ಣ ನೀರಿಗೂ ಜಗ್ಗುವುದಿಲ್ಲ. ಆದರೆ ಕಣ್ಣಿನ ಹತ್ತಿರ ಅದು ಬೇಡ, ತೆಗೆಯಲು ಪ್ರತ್ಯೇಕ ರಿಮೂವರ್ ಬೇಕು, ಮಕ್ಕಳಿಗಂತೂ ಸಲ್ಲ. ಕ್ರೀಮಿನ ಬಣ್ಣ ಒಣಗುವುದೇ ಇಲ್ಲ. ಮುಟ್ಟಿದ ಕಡೆಯೆಲ್ಲ ಅಂಟುತ್ತದೆ.

ಪುಡಿಯ ವಿಷಯದಲ್ಲಿ ಒಂದು ಹಳೆಯ ಘಟನೆ ಹೇಳಲೇಬೇಕು. 1938ರಲ್ಲಿ ಹಾಲಿವುಡ್‌ನಲ್ಲಿ ‘ದಿ ವಿಜಾರ್ಡ್ ಆಫ್ ಓಜ್’ ಚಿತ್ರೀಕರಣ ನಡೆಯುತ್ತಿತ್ತು. ತಗಡಿನ ಮನುಷ್ಯನ ಪಾತ್ರಕ್ಕೆ ಬಡ್ಡಿ ಎಬ್ಸನ್ ಎಂಬ ನಟ ಆಯ್ಕೆಯಾಗಿದ್ದರು. ಅವರ ಮುಖಕ್ಕೆ ಅಲ್ಯೂಮಿನಿಯಂ ಪುಡಿ ಉದುರಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಉಸಿರಾಡಲಾಗದೆ ಅವರು ಆಸ್ಪತ್ರೆ ಸೇರಿದರು. ಪಾತ್ರ ಜ್ಯಾಕ್ ಹೇಲಿ ಪಾಲಾಯಿತು. ಅವರಿಗೆ ಪುಡಿಯ ಬದಲು ಪೇಸ್ಟ್ ಮಾಡಿ ಹಚ್ಚಿದರು. ಆ ಪೇಸ್ಟ್ ಅವರ ಕಣ್ಣಿಗೆ ತೊಂದರೆ ಕೊಟ್ಟಿತು. ಮೈಗೆ ಬಳಿಯುವ ಹೊಳೆಯುವ ಬಣ್ಣದಲ್ಲಿ ದೊಡ್ಡ ಅಪಾಯ ಶ್ವಾಸಕೋಶಕ್ಕೆ ಮತ್ತು ಕಣ್ಣಿಗೆ ಎಂಬುದು ಆಗಲೇ ಗೊತ್ತಾದ ಸಂಗತಿ.

ಹಾಗಾಗಿ ಒಣ ಪುಡಿಯನ್ನು ಮುಖದ ಹತ್ತಿರ ಉದುರಿಸಬೇಡಿ, ಊದಬೇಡಿ. ದೂರದ ಮೇಜಿನ ಮೇಲೆ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ಕಲಸಿ. ಹಚ್ಚುವ ಮೊದಲು ಫ್ಯಾನ್ ಹಾಕಿದರಾಯಿತು. ಉಬ್ಬಸ ಇರುವವರಿಗೆ ಪುಡಿ ಬಿಟ್ಟು ನೀರಿನ ಬಣ್ಣ ಬಳಸಿ.

ಕೈಯ ಒಳಭಾಗದಲ್ಲಿ ಪರೀಕ್ಷೆ

ಬಣ್ಣ ತಂದ ದಿನವೇ ಮೊಣಕೈ ಮಡಿಚುವ ಜಾಗದ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ. ಶೂಟ್ ಎಷ್ಟು ಗಂಟೆಯೋ ಅಷ್ಟು ಹೊತ್ತು ಬಿಡಿ. ತೆಗೆಯಲು ಏನು ಬಳಸುತ್ತೀರೋ ಅದರಿಂದಲೇ ತೆಗೆಯಿರಿ. ರಿಮೂವರ್‌ನಿಂದಲೂ ಅಲರ್ಜಿ ಆಗಬಹುದು, ಅಲ್ವಾ? ಆಮೇಲೆ ಎರಡು ಮೂರು ದಿನ ಆ ಜಾಗ ನೋಡುತ್ತಿರಿ. ಚರ್ಮದ ಅಲರ್ಜಿ ಎಷ್ಟೋ ಸಲ 48 ಗಂಟೆ ಕಳೆದ ಮೇಲೆ ಏಳುತ್ತದೆ. ಹಚ್ಚಿ ಅರ್ಧ ಗಂಟೆಗೆ ‘ಏನೂ ಆಗಲಿಲ್ಲ’ ಎಂದು ಮುಗಿಸಿದರೆ ಪರೀಕ್ಷೆ ಮಾಡಿದ ಹಾಗೆ ಆಗುವುದಿಲ್ಲ. ಬಣ್ಣ ಹಚ್ಚಿಸಿಕೊಳ್ಳುವವರ ಕೈ ಮೇಲೆಯೇ ಮಾಡಬೇಕು, ಮೇಕಪ್ ಮಾಡುವವರ ಕೈ ಮೇಲಲ್ಲ.

ಗಾಯ, ಮೊಡವೆ, ಇಸುಬು ಇದ್ದ ಕಡೆ ಹಚ್ಚಬೇಡಿ. ಹಿಂದಿನ ದಿನ ಶೇವ್, ವ್ಯಾಕ್ಸಿಂಗ್, ಬ್ಲೀಚ್ ಮಾಡಿಸಿಕೊಂಡ ಚರ್ಮಕ್ಕೂ ಬೇಡ.

ಹಚ್ಚುವ ದಿನ

ಮೊದಲು ಮುಖ ತೊಳೆದು ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ, ಹತ್ತು ನಿಮಿಷ ಬಿಡಿ. ಬಂಗಾರದ ಬಣ್ಣದ ಕೆಳಗೆ ಕಂದು, ಬೆಳ್ಳಿಯ ಕೆಳಗೆ ಬೂದು ಬಣ್ಣದ ತೆಳು ಪದರ ಕೊಟ್ಟರೆ ಲೋಹದ ಬಣ್ಣ ಅರ್ಧದಷ್ಟೇ ಸಾಕು. ಮಧ್ಯೆ ಚರ್ಮ ಇಣುಕಿದರೂ ಕಾಣುವುದಿಲ್ಲ. ದಪ್ಪಗೆ ಒಂದೇ ಸಲ ಬಳಿದರೆ ನಕ್ಕಾಗ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಸಲ ಹಚ್ಚಿ.

ರೆಪ್ಪೆ ಮತ್ತು ತುಟಿಗೆ ಮಾತ್ರ ಬೇರೆ ಡಬ್ಬಿ. ಅಲ್ಲಿಗೆ ಬಳಸಬಹುದು ಎಂದು ಬರೆದಿರುವ ಐಶ್ಯಾಡೊ, ಲಿಪ್‌ಸ್ಟಿಕ್ ಹೊಂದಿಸಿಕೊಳ್ಳಿ. ಕರಕುಶಲದ ಗ್ಲಿಟರ್ ಚರ್ಮದ ಹತ್ತಿರ ಬರಲೇಬಾರದು. ಅದು ಕತ್ತರಿಸಿದ ಪ್ಲಾಸ್ಟಿಕ್ ಹಾಳೆಯ ಚೂರು. ಅಂಚು ಹರಿತವಾಗಿರುತ್ತದೆ, ಕಣ್ಣುಗುಡ್ಡೆಯನ್ನು ಗೀರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ತೆಗೆದಿಡಲಿ.

ಮೈಗೆಲ್ಲ ಬಣ್ಣ ಬಳಿದರೆ ಚರ್ಮ ಉಸಿರಾಡಲಾಗದೆ ಸಾಯುತ್ತಾರೆ ಎಂಬ ನಂಬಿಕೆ ಇದೆ. ಅದು ಸುಳ್ಳು. ನಾವು ಉಸಿರಾಡುವುದು ಶ್ವಾಸಕೋಶದಿಂದ. ಆದರೆ ಬೆವರು ಆರದಿದ್ದರೆ ಮೈ ಕಾವು ಏರುತ್ತದೆ. ಬಿಸಿಲಲ್ಲಿ ಇದು ನಿಜವಾದ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಹೊರಾಂಗಣ ಶೂಟ್ ಮಾಡುವವರು ಬೆಳಗಿನ ಹೊತ್ತೇ ಮುಗಿಸಿ. ಆಗಾಗ ನೀರು ಕುಡಿಸಿ, ನೆರಳಲ್ಲಿ ಕೂರಿಸಿ. ತಲೆ ಸುತ್ತುತ್ತದೆ, ವಾಂತಿ ಬಂದ ಹಾಗಾಗುತ್ತದೆ ಎಂದರೆ ಆ ಕ್ಷಣವೇ ಶೂಟ್ ನಿಲ್ಲಿಸಿ ತಣ್ಣೀರಿನಿಂದ ಒರೆಸಿ.

ಬೆಳಕಿನ ಬಗ್ಗೆ ಒಂದೇ ಮಾತು. ಕ್ಯಾಮೆರಾ ಮೇಲಿನ ಫ್ಲಾಶ್ ನೇರ ಹೊಡೆದರೆ ಲೋಹದ ಬಣ್ಣ ಬಿಳಿ ಕಲೆಯಾಗುತ್ತದೆ. ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಅಥವಾ ಕಿಟಕಿಯ ಬೆಳಕನ್ನು ಪಕ್ಕದಿಂದ ಕೊಡಿ. ಮೂಗು, ಕೆನ್ನೆ, ಭುಜದ ಏರಿಳಿತ ಆಗ ಎದ್ದು ಕಾಣುತ್ತದೆ.

ತೆಗೆಯುವುದು

ಮಂಗಳೂರು, ಉಡುಪಿಯ ಹುಲಿವೇಷದಲ್ಲಿ ಎನಾಮೆಲ್ ಬಣ್ಣ ಬಳಿದು ಸೀಮೆಎಣ್ಣೆಯಲ್ಲಿ ತೆಗೆಯುತ್ತಿದ್ದ ಕಾಲವಿತ್ತು. ಆ ಕಲಾವಿದರು ಮೈ ಉರಿ ತಿಂದು ಕುಣಿದವರು. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇವತ್ತು ಆ ಉರಿ ಯಾರೂ ತಿನ್ನಬೇಕಾಗಿಲ್ಲ. ಸೀಮೆಎಣ್ಣೆ, ಥಿನ್ನರ್, ಟರ್ಪಂಟೈನ್ ಚರ್ಮವನ್ನು ಸುಡುತ್ತವೆ. ಇವುಗಳಿಂದ ಮಾತ್ರ ಹೋಗುವ ಬಣ್ಣ ಮೈಗೆ ಹಚ್ಚುವಂಥದ್ದೇ ಅಲ್ಲ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ತೆಗೆಯಲು ಬಳಸುವ ತೆಂಗಿನೆಣ್ಣೆ ಇಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಪುಡಿಯ ಬಣ್ಣ ಅಥವಾ ಕ್ರೀಮಿನ ಬಣ್ಣದ ಮೇಲೆ ಎಣ್ಣೆಯನ್ನು ಧಾರಾಳವಾಗಿ ಸವರಿ. ಎರಡು ನಿಮಿಷ ಬಿಟ್ಟು ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಉಜ್ಜಬೇಡಿ. ಕಣ್ಣಿನ ಸುತ್ತ ಒಳಗಿನಿಂದ ಹೊರಕ್ಕೆ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ ಬಳಸಿ. ಆಮೇಲೆ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು. ಕಿವಿಯ ಹಿಂದೆ, ಕೂದಲಂಚಲ್ಲಿ ಚೂರು ಮಿನುಗು ಉಳಿದರೆ ಉಳಿಯಲಿ, ಮರುದಿನದ ಸ್ನಾನಕ್ಕೆ ಹೋಗುತ್ತದೆ.

ಬಣ್ಣ ಕಣ್ಣಿಗೆ ಹೋದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ. ನೋವು, ಕೆಂಪು ಕಡಿಮೆಯಾಗದಿದ್ದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಬಣ್ಣದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಪದಾರ್ಥಗಳ ಪಟ್ಟಿ ನೋಡಿದರೆ ವೈದ್ಯರಿಗೆ ಕಾರಣ ಹುಡುಕಲು ಸುಲಭವಾಗುತ್ತದೆ.